ವೀಲ್‌ಚೇರ್‌ನಲ್ಲಿರುವ ತಮ್ಮನನ್ನು ಕಡಲ ತನಕ ಕರೆದೊಯ್ಯುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನನ್ನ ತಮ್ಮ ಕೊನೆ ಕೊಯ್ಯಲು ಅಡಿಕೆ ಮರ ಹತ್ತಿದವನು ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಮೂರು ವರ್ಷವಾಯಿತು. ವಯಸ್ಸು 34. ಡಿಸ್ಚಾರ್ಜ್ ಕಾಗದದಲ್ಲಿ ‘ಡಿ12’ ಅಂತ ಬರೆದಿದ್ದಾರೆ, ಅಂದರೆ ಬೆನ್ನೆಲುಬಿನ ಎದೆಭಾಗದ ಹನ್ನೆರಡನೇ ಮೂಳೆಯ ಮಟ್ಟದಲ್ಲಿ ಪೆಟ್ಟು. ಸೊಂಟದ ಕೆಳಗೆ ಸ್ಪರ್ಶವಿಲ್ಲ, ಕೈಗಳಲ್ಲಿ ಬಲ ಚೆನ್ನಾಗಿದೆ. ಕಳೆದ ವರ್ಷ ಮಲ್ಪೆಗೆ ಹೋದಾಗ ನೆಂಟರು ನಾಲ್ವರು ಅವನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ಸುಸ್ತಾಗಿ ಇಳಿಸಿದರು, ಚಕ್ರ ಹೂತುಹೋಯಿತು. ಸುತ್ತ ಜನ ನಿಂತು ನೋಡಿದರು, ಯಾರೋ ವಿಡಿಯೋ ಮಾಡಿದರು. ಕಾರಿಗೆ ವಾಪಸ್ ಬಂದ ಮೇಲೆ ‘ಇನ್ನು ನನ್ನ ಎಲ್ಲಿಗೂ ಕರೀಬೇಡಿ’ ಅಂದ. ಈಗ ಎರಡನೇ ಕ್ಲಾಸಿನ ಅವನ ಮಗಳು ಅಪ್ಪನ ಜೊತೆಗೇ ಸಮುದ್ರಕ್ಕೆ ಹೋಗಬೇಕು ಅಂತ ಹಠ ಹಿಡಿದಿದ್ದಾಳೆ. ಅವನೂ ‘ನೋಡೋಣ’ ಅನ್ನುವಷ್ಟಕ್ಕೆ ಬಂದಿದ್ದಾನೆ. ಈ ಸಲ ಹೇಗೆ ಹೋಗಬೇಕು?

ಉತ್ತರ: ‘ನೋಡೋಣ’ ಅಂದಿದ್ದಾರಲ್ಲ, ಅರ್ಧ ಕೆಲಸ ಮುಗಿಯಿತು. ಉಳಿದರ್ಧದ ಯೋಜನೆ ಅವರ ಕೈಯಲ್ಲೇ ಇರಲಿ. ಎಷ್ಟು ಹೊತ್ತಿಗೆ ಹೊರಡುವುದು, ಯಾರು ಜೊತೆಗಿರಬೇಕು, ನೀರಿನ ತನಕವೋ ಒದ್ದೆ ಮರಳಿನ ತನಕವೋ, ಎಲ್ಲವನ್ನೂ ಅವರೇ ಹೇಳಲಿ. ಹತ್ತು ಹನ್ನೆರಡು ಜನ ನೆಂಟರ ದಂಡು ಬೇಡ. ಗಟ್ಟಿಮುಟ್ಟಾದ ಮೂವರು ಸಾಕು, ಮತ್ತೆ ನೀವು, ಮಗು.

ಎತ್ತುವ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಾನು ಆಕ್ಯುಪೇಷನಲ್ ಥೆರಪಿಸ್ಟ್. ಉಡುಪಿ ಕಡೆ ಬೆನ್ನುಹುರಿ ಪೆಟ್ಟಿನವರ ಜೊತೆ ಕೆಲಸ ಮಾಡುತ್ತ ಇಪ್ಪತ್ತು ವರ್ಷದ ಹತ್ತಿರವಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರನ್ನು ಹೀಗೇ ಕಡಲಿಗೆ ಕರೆದುಕೊಂಡು ಹೋಗಿದ್ದೆ. ಮೂವರು ಹುಡುಗರು, ನಾನು ನಾಲ್ಕನೆಯವನು. ‘ಒಂದು, ಎರಡು, ಮೂರು’ ಅಂತ ಎತ್ತಿದೆವು. ನಾನು ಹಿಡಿದಿದ್ದ ಕೈತೋಳು ಕುರ್ಚಿಯಿಂದ ಕಳಚಿ ನನ್ನ ಕೈಗೇ ಬಂತು. ಅದು ತೆಗೆದು ಹಾಕುವ ನಮೂನೆಯದು, ಬದಿಯಲ್ಲಿ ಒಂದು ಚಿಲಕ. ಆ ಚಿಲಕವನ್ನು ನೋಡಬೇಕಾಗಿದ್ದವನು ನಾನೇ. ಕುರ್ಚಿ ವಾಲಿತು, ಅವರು ಮರಳಿಗೆ ಬಿದ್ದರು. ಪುಣ್ಯಕ್ಕೆ ಏನೂ ಆಗಲಿಲ್ಲ. ಬಿದ್ದಲ್ಲಿಂದಲೇ ಅವರು ನಗುತ್ತ, ‘ನನ್ನ ಕೇಳಿದ್ದರೆ ಮೊದಲೇ ಹೇಳ್ತಿದ್ದೆ ಮಾರಾಯ್ರೇ’ ಅಂದರು. ಅಂದಿನಿಂದ ಕುರ್ಚಿಯ ಯಾವ ಭಾಗ ಮುಟ್ಟುವ ಮೊದಲೂ ಕುಳಿತವರನ್ನೇ ಕೇಳುತ್ತೇನೆ. ಕೈತೋಳು, ಕಾಲಿಡುವ ಫುಟ್‌ರೆಸ್ಟ್ ಇವೆರಡನ್ನೂ ಹಿಡಿದು ಎತ್ತಬೇಡಿ. ಹಿಡಿಯುವುದಾದರೆ ಬೆಸುಗೆ ಹಾಕಿದ ಕಬ್ಬಿಣದ ಚೌಕಟ್ಟನ್ನು ಹಿಡಿಯಿರಿ. ಈಗ ನಾನು ಹೇಳಲಿರುವ ಉಪಾಯಗಳೆಲ್ಲ ಎತ್ತುವ ಪ್ರಸಂಗವೇ ಬರದಂತೆ ಮಾಡುವುದಕ್ಕೆ.

ಚಕ್ರ ಹೂತದ್ದು ಯಾಕೆ? ನಿಮ್ಮ ತಮ್ಮ 60 ಕೆಜಿ ಇರಬಹುದು. ಆಸ್ಪತ್ರೆಯವರು ಕೊಡುವ ಮಡಚುವ ಕುರ್ಚಿ ಸುಮಾರು 18 ಕೆಜಿ. ಈ ಭಾರದ ಒಂದು ದೊಡ್ಡ ಪಾಲು ಮುಂದಿನ ಎರಡು ಪುಟ್ಟ ಚಕ್ರಗಳ ಮೇಲೆ ಬೀಳುತ್ತದೆ. ಆ ಚಕ್ರಗಳ ಅಗಲ ಒಂದು ಇಂಚು. ಹಿಂದಿನಿಂದ ದೂಡಿದಷ್ಟೂ ಅವು ಮೂಗು ತಗ್ಗಿಸಿ ಹೊಯ್ಗೆಯೊಳಗೆ ಇಳಿಯುತ್ತವೆ. ಹೊಯ್ಗೆ ಅಂದರೆ ಮರಳೇ, ನಮ್ಮ ಕಡೆ ಹಾಗನ್ನುತ್ತೇವೆ. ಹಾಗಾಗಿ ಮರಳಿನಲ್ಲಿ ಕುರ್ಚಿಯನ್ನು ದೂಡಲೇಬಾರದು. ಕುರ್ಚಿಯ ಬೆನ್ನು ಕಡಲಿನ ಕಡೆ ಬರುವಂತೆ ತಿರುಗಿಸಿ, ಹಿಂದಕ್ಕೆ ಸ್ವಲ್ಪ ವಾಲಿಸಿ, ಮುಂದಿನ ಚಕ್ರಗಳು ನೆಲ ಬಿಟ್ಟ ಹಾಗಿಟ್ಟುಕೊಂಡು ಎಳೆಯಿರಿ. ಹಿಂದಿನ ದೊಡ್ಡ ಚಕ್ರ ಅಷ್ಟು ಸುಲಭಕ್ಕೆ ಹೂಳುವುದಿಲ್ಲ. ಹಿಡಿಕೆಯಲ್ಲಿ ಇಬ್ಬರು, ಮುಂದೆ ಚೌಕಟ್ಟು ಹಿಡಿದು ಹಗುರ ಮಾಡುವವನು ಒಬ್ಬ. ನಿಮ್ಮ ತಮ್ಮನ ಕೈಗೆ ಬಲವಿದೆ ಅಂದಿರಿ, ಅವರೂ ಚಕ್ರವನ್ನು ಹಿಂದಕ್ಕೆ ತಿರುವಬಹುದು. ಹೀಗೆ ಹೋದರೆ ಹೋಗುವಾಗ ಅವರಿಗೆ ಕಾಣುವುದು ಕಡಲಲ್ಲ, ಪಾರ್ಕಿಂಗು. ಕೊನೆಗೆ ಒಂದು ಸುತ್ತು ತಿರುಗಿದರೆ ಸಮುದ್ರ ಇಡೀ ಒಮ್ಮೆಗೇ ಎದುರಿಗೆ ಬರುತ್ತದೆ. ಕೆಲವರಿಗೆ ಇದೇ ಇಷ್ಟ.

ಈ ಎಳೆದಾಟವೂ ಎಲ್ಲ ಮರಳಿಗೆ ಬೇಕಾಗಿಲ್ಲ. ಕಷ್ಟವೆಲ್ಲ ಒಣ ಮರಳಿನ ಒಂದು ಪಟ್ಟಿಯದು. ರಸ್ತೆ ಮುಗಿಯುವಲ್ಲಿಂದ ಕಳೆದ ಉಬ್ಬರ ಗೆರೆ ಬಿಟ್ಟುಹೋದ ಜಾಗದ ತನಕ ಅದು. ಅಲ್ಲಿಂದಾಚೆ ನೀರು ಕುಡಿದು ಬಿಗಿದ ಮರಳು, ಹುಡುಗರು ಕ್ರಿಕೆಟ್ ಆಡುವುದೂ ಸೈಕಲ್ ಹೊಡೆಯುವುದೂ ಅಲ್ಲೇ. ನಿಮ್ಮ ತಮ್ಮ ಅಲ್ಲಿ ಯಾರ ಸಹಾಯವೂ ಇಲ್ಲದೆ ಚಕ್ರ ತಿರುಗಿಸಿಕೊಂಡು ಓಡಾಡಬಹುದು. ಹಿಮ್ಮಡಿಯಿಂದ ಒತ್ತಿ ನೋಡಿ. ಗುರುತು ಮಾತ್ರ ಮೂಡಿದರೆ ಚಕ್ರಕ್ಕೆ ಹಾದಿ ಇದೆ, ಹಿಮ್ಮಡಿ ಇಳಿದರೆ ಇಲ್ಲ. ಅಲೆ ಬಂದು ಹೋಗುವ ಅಂಚಿನಲ್ಲಿ, ಮರಳು ಕನ್ನಡಿಯಂತೆ ಹೊಳೆಯುವ ಕಡೆ, ಮತ್ತೆ ಕುಸಿಯುತ್ತದೆ. ಅಲ್ಲಿ ಕುರ್ಚಿಯನ್ನು ಬಹಳ ಹೊತ್ತು ನಿಲ್ಲಿಸಿದರೆ ಪ್ರತಿ ಅಲೆಯೂ ಚಕ್ರದ ಬುಡದ ಮರಳನ್ನು ಕೊರೆದುಕೊಂಡು ಹೋಗುತ್ತದೆ.

ಈ ಗಟ್ಟಿ ಮರಳು ಅಗಲವಾಗಿ ಸಿಗಬೇಕಾದರೆ ಇಳಿತದ ಹೊತ್ತಿಗೆ ಹೋಗಬೇಕು. ಪ್ರವಾಸಕ್ಕೆ ಹೊರಡುವವರು ಭಾನುವಾರ ನೋಡುತ್ತಾರೆ, ರಜೆ ನೋಡುತ್ತಾರೆ, ನೀರಿನ ಹೊತ್ತನ್ನು ನೋಡುವವರು ಕಡಿಮೆ. ಉಬ್ಬರ ದಿನಕ್ಕೆರಡು ಸಲ, ಇಳಿತವೂ ದಿನಕ್ಕೆರಡು ಸಲ. ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಚೀಚೆ ನಮ್ಮ ಕರಾವಳಿಯಲ್ಲಿ ಅಂದಾಜು ನಡುಹಗಲಿಗೆ ಉಬ್ಬರ, ಸಂಜೆಗೆ ಇಳಿತ. ಆ ದಿನಗಳಲ್ಲಿ ನೀರು ದೂರ ಹಿಂದೆ ಸರಿಯುವುದರಿಂದ ಗಟ್ಟಿ ಮರಳೂ ಹೆಚ್ಚು. ಅಷ್ಟಮಿಯ ಹೊತ್ತಿಗೆ ಲೆಕ್ಕ ಬದಲಾಗಿರುತ್ತದೆ, ಸಂಜೆ ಹೋದರೆ ನೀರು ಒಣ ಮರಳಿಗೇ ತಾಗಿ ನಿಂತಿರುತ್ತದೆ. ಕಳೆದ ವರ್ಷ ನೀವು ಹೋದ ದಿನ ಯಾವ ತಿಥಿಯೋ, ಹಳೆ ಕ್ಯಾಲೆಂಡರ್ ಇದ್ದರೆ ತೆಗೆದು ನೋಡಿ. ಸರಿಯಾದ ಗಂಟೆ ನಿಮಿಷಕ್ಕೆ ಮೊಬೈಲಿನಲ್ಲಿ ಆ ದಿನದ ಉಬ್ಬರ ಇಳಿತದ ಪಟ್ಟಿ ಸಿಗುತ್ತದೆ. ಇಲ್ಲವೇ ದೋಣಿ ಎಳೆಯುತ್ತಿರುವ ಯಾರನ್ನಾದರೂ ‘ಭರತ ಎಷ್ಟೊತ್ತಿಗೆ?’ ಅಂತ ಕೇಳಿ, ಉಬ್ಬರಕ್ಕೆ ಅವರು ಹಾಗನ್ನುತ್ತಾರೆ. ತಟ್ಟನೆ ಹೇಳುತ್ತಾರೆ. ಇಳಿತಕ್ಕೆ ಒಂದೂವರೆ ಗಂಟೆ ಮೊದಲು ಮರಳಿಗಿಳಿದು, ಇಳಿತ ಕಳೆದ ಒಂದು ಗಂಟೆಯೊಳಗೆ ಹೊರಟುಬಿಟ್ಟರೆ ನಿಧಾನಕ್ಕೆ ಎರಡೂವರೆ ಗಂಟೆ ಸಿಗುತ್ತದೆ.

ತಿಂಗಳು ಯಾವುದು ಅಂದರೆ ನವೆಂಬರಿನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗಾಲದ ಕಡಲು ದಂಡೆಯ ಮರಳನ್ನೇ ಕೊಚ್ಚಿಕೊಂಡು ಹೋಗಿರುತ್ತದೆ, ದಂಡೆ ಕಡಿದಾಗಿರುತ್ತದೆ, ಯಾರೂ ನೀರಿಗೆ ಇಳಿಯುವ ಹೊತ್ತಲ್ಲ. ಆಮೇಲೆ ಮರಳು ಮೆಲ್ಲಗೆ ವಾಪಸ್ ಬರುತ್ತದೆ. ಏಪ್ರಿಲ್ ಮೇ ಅಂದರೆ ಒಣ ಪಟ್ಟಿ ಇನ್ನೂ ಅಗಲ, ಬಿಸಿಲೂ ಸುಡುತ್ತದೆ.

ಯಾವ ಬೀಚು? ನಮ್ಮ ರಾಜ್ಯದಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದವು, ಅದು ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. ಆ ಬಾವುಟಕ್ಕಿರುವ 33 ಮಾನದಂಡಗಳಲ್ಲಿ ನೀರಿನ ಶುದ್ಧತೆ, ಜೀವರಕ್ಷಕರ ಜೊತೆಗೆ ಅಂಗವಿಕಲರಿಗೆ ದಾರಿ, ಶೌಚಾಲಯವೂ ಸೇರಿದೆ. ನಿಮಗೆ ಪಡುಬಿದ್ರಿ ಹತ್ತಿರ. ಆದರೆ ಬಾವುಟ ನಂಬಿ ಹೊರಡಬೇಡಿ, ಒಂದು ದಿನ ಮೊದಲು ಫೋನ್ ಮಾಡಿ. ‘ವೀಲ್‌ಚೇರ್ ಸೌಲಭ್ಯ ಇದೆಯಾ?’ ಅಂದರೆ ‘ಇದೆ ಸಾರ್’ ಅನ್ನುತ್ತಾರೆ, ಎಲ್ಲ ಕಡೆಯೂ ಹಾಗೇ ಅನ್ನುವುದು. ‘ದಪ್ಪ ಬಲೂನ್ ಚಕ್ರದ ಕುರ್ಚಿ ಇದೆಯಾ? ಚಕ್ರದಲ್ಲಿ ಗಾಳಿ ಇದೆಯಾ? ಅದರ ಬೀಗದ ಕೈ ಯಾರ ಹತ್ತಿರ, ಅವರ ಡ್ಯೂಟಿ ಎಷ್ಟೊತ್ತಿಗೆ ಮುಗಿಯುತ್ತದೆ?’ ಹೀಗೆ ಕೇಳಿ. ಆ ಬಲೂನ್ ಚಕ್ರ ಅಂಗೈಯಲ್ಲಿ ಅದುಮಿದರೆ ಒಳಹೋಗುವಷ್ಟು ಮೆತ್ತಗೆ, ಭಾರವನ್ನು ಹರಡಿಬಿಡುತ್ತದೆ, ಒಣ ಮರಳಿನ ಮೇಲೂ ತೇಲಿದಂತೆ ಸಾಗುತ್ತದೆ. ಗಟ್ಟಿಯಾಗಲಿ ಅಂತ ಯಾರಾದರೂ ಪಂಪು ಹಿಡಿದು ಜಾಸ್ತಿ ಗಾಳಿ ತುಂಬಿದರೆ ಆ ಗುಣವೇ ಹೋಯಿತು. ಇಂಥ ಕುರ್ಚಿಗಳಲ್ಲಿ ಹೆಚ್ಚಿನವುಗಳಲ್ಲಿ ಕುಳಿತವರು ತಾವೇ ಚಕ್ರ ತಿರುಗಿಸಲಾಗದು, ಇನ್ನೊಬ್ಬರು ದೂಡಬೇಕು. ನಿಮ್ಮ ತಮ್ಮನಿಗೆ ಅದು ಹಿಡಿಸದೆ ಇರಬಹುದು. ಆಗ ಒಣ ಪಟ್ಟಿ ದಾಟಲಿಕ್ಕೆ ಮಾತ್ರ ಅದನ್ನು ಬಳಸಿ, ಅವರ ಕುರ್ಚಿಯನ್ನು ಜೊತೆಗೇ ತಂದು ಗಟ್ಟಿ ಮರಳಿನಲ್ಲಿ ಅದಕ್ಕೆ ದಾಟಿಸಿ.

ಪಕ್ಕದ ಚೆನ್ನೈ ಕಥೆಯನ್ನೂ ಇಲ್ಲಿ ಹೇಳಬೇಕು. ಮರೀನಾ ಬೀಚಿನ ಒಣ ಮರಳು ನಮ್ಮದಕ್ಕಿಂತ ಎಷ್ಟೋ ಪಟ್ಟು ಅಗಲ. ಅಲ್ಲಿನ ಅಂಗವಿಕಲರು ವರ್ಷಗಟ್ಟಲೆ ಕೇಳಿ ಕೇಳಿ, ಮೊದಲು ಡಿಸೆಂಬರ್ 3ರ ಅಂಗವಿಕಲರ ದಿನದ ಹೊತ್ತಿಗೆ ಮಾತ್ರ ಒಂದು ತಾತ್ಕಾಲಿಕ ದಾರಿ ಸಿಗುತ್ತಿತ್ತು. ನಾಲ್ಕು ದಿನದ ಜಾತ್ರೆ, ಆಮೇಲೆ ಹಲಗೆ ಎತ್ತಿಡುವುದು. ಕೊನೆಗೆ 2022ರ ನವೆಂಬರ್ 27ಕ್ಕೆ ಕಾಯಂ ಮರದ ದಾರಿ ತೆರೆಯಿತು: 263 ಮೀಟರ್ ಉದ್ದ, 3 ಮೀಟರ್ ಅಗಲ, ಖರ್ಚು 1.14 ಕೋಟಿ ರೂಪಾಯಿ. ಎರಡು ವಾರ ತುಂಬುವ ಮೊದಲೇ ಮಾಂಡೌಸ್ ಚಂಡಮಾರುತ ಬಂದು ಅದರ ಕಡಲ ತುದಿಯನ್ನು ಮುರಿದು ಹಾಕಿತು. ರಿಪೇರಿ ಮಾಡಿ ಮತ್ತೆ ತೆರೆದರು. ಈ ಕಥೆ ಕೇಳಿದ ನಮ್ಮ ಕಡೆಯ ಕೆಲವರು ‘ನೋಡಿ, ಕಡಲ ಹತ್ತಿರ ಕಟ್ಟಿದ್ದು ನಿಲ್ಲುವುದಿಲ್ಲ’ ಅನ್ನುತ್ತಾರೆ. ಮಳೆಗಾಲದಲ್ಲಿ ಕೊಚ್ಚಿಹೋದ ರಸ್ತೆಗೆ ಹಾಗೆ ಹೇಳಿ ಸುಮ್ಮನೆ ಕೂತಿದ್ದನ್ನು ನಾನು ಕಂಡಿಲ್ಲ. ನನಗೆ ಕಾಣುವುದು ಇಷ್ಟು: ಕಡಲ ತುದಿಯ ಭಾಗ ಬಿಚ್ಚಿ ಎತ್ತಿಡುವಂತಿರಬೇಕು. ವಿದೇಶದ ಬೀಚುಗಳಲ್ಲಿ ಪಾಲಿಯೆಸ್ಟರ್ ಚಾಪೆಗಳನ್ನು ಸುರುಳಿ ಬಿಚ್ಚಿ ಹಾಸುವುದೂ ಇದಕ್ಕೇ.

ಅಂಥ ಚಾಪೆ ನಿಮ್ಮ ಮನೆಯಲ್ಲೇ ಆಗುತ್ತದೆ. ಅಡಿಕೆ ತೋಟದವರಿಗೆ ದಬ್ಬೆಯ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಪಟ್ಟಿಯ, ಬಗ್ಗೆ ನಾನು ಹೇಳಬೇಕೇ? ಸಾಗರ ತಾಲೂಕಿನ ಕಡೆಯ ಒಂದು ಕುಟುಂಬ ಮಾಡಿಕೊಂಡು ಬಂದದ್ದನ್ನು ನೋಡಿ ನಾನು ದಂಗಾಗಿದ್ದೆ. ಮೂರು ಇಂಚು ಅಗಲದ, ಚೆನ್ನಾಗಿ ಬಲಿತ ಮರದ ದಬ್ಬೆ, ಮೂರೂವರೆ ಅಡಿ ಉದ್ದಕ್ಕೆ ಕತ್ತರಿಸಿದ್ದು. ಗಟ್ಟಿ ಹೊರಮೈ ಮೇಲೆ, ನಾರು ನಾರಾದ ಒಳಮೈ ಕೆಳಗೆ. ಎರಡೂ ತುದಿಗೆ ಮತ್ತು ನಡುವಿಗೆ ತೂತು ಕೊರೆದು ನೈಲಾನ್ ಹಗ್ಗ ಪೋಣಿಸಿದ್ದರು. ಹತ್ತಡಿಯ ಒಂದು ಚಾಪೆಗೆ ಮೂವತ್ತೈದು ದಬ್ಬೆ ಹಿಡಿದಿತ್ತು. ಅಂಥವು ಎರಡು. ಒಂದರ ಮೇಲೆ ಕುರ್ಚಿ ಸಾಗುವಾಗ ಇನ್ನೊಂದನ್ನು ಮುಂದೆ ಹಾಸುವುದು, ದಾಟಿದ ಮೇಲೆ ಹಿಂದಿನದನ್ನು ಎತ್ತಿ ಮತ್ತೆ ಮುಂದೆ. ದಬ್ಬೆಗಳು ಕುರ್ಚಿ ಹೋಗುವ ದಿಕ್ಕಿಗೆ ಅಡ್ಡ ಬರಬೇಕು. ಸಂದು ಅರ್ಧ ಇಂಚು ಮೀರಿದರೆ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ. ಅಂಚುಗಳನ್ನು ಉಜ್ಜಿ ನಯ ಮಾಡಿ. ಸ್ಪರ್ಶವಿಲ್ಲದ ಕಾಲಿಗೆ ದಬ್ಬೆಯ ಸಿಬಿರು ಹೊಕ್ಕರೆ ಗೊತ್ತಾಗುವುದು ಕೀವಾದ ಮೇಲೆಯೇ. ದಬ್ಬೆ ಬೇಡವೆನಿಸಿದರೆ 12 ಎಂಎಂ ಪ್ಲೈವುಡ್‌ನ ಆರಡಿ ಮೂರಡಿ ತುಂಡು ಎರಡು ತನ್ನಿ, ಕೆಲಸ ಅದೇ. ಒಂದೊಂದು ಹನ್ನೆರಡು ಕೆಜಿಯ ಮೇಲಿರುತ್ತದೆ, ಕಾರಿನ ಮೇಲೆ ಕಟ್ಟಬೇಕು.

ಅಡಿಕೆ ಮರದಿಂದ ಬಿದ್ದವರ ಹತ್ತಿರ ದಬ್ಬೆಯ ಮಾತು ಎತ್ತುವುದು ಹೇಗೆ ಅಂತ ನಿಮಗೆ ಅನ್ನಿಸಬಹುದು. ನೀವೇ ಎತ್ತಬೇಡಿ, ಚಾಪೆ ಬೇಕು ಅಂತಷ್ಟೇ ಹೇಳಿ. ಸಾಗರದವರ ಮನೆಯಲ್ಲಿ ದಬ್ಬೆ ಆಯ್ದದ್ದು, ತೂತು ಕೊರೆದದ್ದು ಎಲ್ಲ ಕುರ್ಚಿಯಲ್ಲಿ ಕುಳಿತವರೇ.

ಈಗ ದೇಹದ ಕಡೆ ಬರೋಣ. ಆಗುಂಬೆ ಘಾಟಿ ಇಳಿದು ಬರುವ ದಾರಿ ನಿಮ್ಮದು. ಆ 14 ತಿರುವುಗಳಲ್ಲಿ ಕಾಲು ಊರಿ ದೇಹ ಹಿಡಿದುಕೊಳ್ಳಲು ಅವರಿಗೆ ಆಗದು. ಬೆಲ್ಟ್ ಹಾಕಿ, ಬಾಗಿಲ ಬದಿಗೆ ಒಂದು ದಿಂಬು ಒತ್ತಿ. ವೀಲ್‌ಚೇರ್‌ನ ಕುಶನ್ನನ್ನು ಕಾರಿನ ಸೀಟಿನ ಮೇಲೂ ಹಾಕಿಕೊಂಡೇ ಕೂರಲಿ. ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಮುಂದಕ್ಕೆ, ಆ ಬದಿ ಈ ಬದಿ ವಾಲಿ ಕುಂಡೆಯ ಮೇಲಿನ ಒತ್ತಡ ಇಳಿಸಿಕೊಳ್ಳಲಿ. ಇದನ್ನು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿರುತ್ತಾರೆ, ಪ್ರವಾಸದ ಗಲಾಟೆಯಲ್ಲಿ ಮರೆತುಹೋಗುತ್ತದೆ. ಮಗಳಿಗೆ ಮೊಬೈಲ್ ಅಲಾರಂ ಕೊಟ್ಟುಬಿಡಿ, ಎರಡನೇ ಕ್ಲಾಸಿನವರಷ್ಟು ಕಟ್ಟುನಿಟ್ಟು ಯಾರೂ ಇಲ್ಲ.

ಮರಳಿನ ಮೇಲೆ ನೇರ ಕೂರಬೇಕು ಅಂತ ಅವರಿಗೆ ಆಸೆಯಾದರೆ ತಡೆಯಬೇಡಿ, ಆದರೆ ಅಡಿಗೆ ಕುಶನ್ ಇರಲಿ. ಮರಳು ನೋಡಲು ಮೆತ್ತಗೆ, ಕುಳಿತರೆ ಮೂಳೆಯ ತುದಿಗೆ ಸಿಮೆಂಟಿನ ಹಾಗೆ ಒತ್ತುತ್ತದೆ. ಒದ್ದೆ ಚಡ್ಡಿ ಮತ್ತು ಮರಳು ಸೇರಿದರೆ ಚರ್ಮಕ್ಕೆ ಉಪ್ಪುಕಾಗದ ತಿಕ್ಕಿದಂತೆ, ಹಾಗಾಗಿ ನೆನೆದ ಬಟ್ಟೆ ಕೂಡಲೇ ಬದಲಿಸಿ. ಹಿಂದೆ ಜೇಬು, ದಪ್ಪ ಹೊಲಿಗೆ ಇರುವ ಪ್ಯಾಂಟ್ ಬೇಡ. ಪಾದಕ್ಕೆ ಮುಚ್ಚಿದ ಬೂಟು ಬೇಕು, ಚಿಪ್ಪು ಕೊಯ್ದದ್ದೂ ಬಿಸಿ ಮರಳು ಸುಟ್ಟದ್ದೂ ಅವರಿಗೆ ತಿಳಿಯುವುದಿಲ್ಲ. ರಾತ್ರಿ ಮಲಗುವ ಮೊದಲು ಕುಂಡೆ, ಹಿಮ್ಮಡಿ, ಕಾಲಿನ ಗಿಣ್ಣು ಟಾರ್ಚ್ ಹಾಕಿ ನೋಡಿ. ಕೆಂಪಾದ ಜಾಗ ಅರ್ಧ ಗಂಟೆಯಾದರೂ ಮೊದಲಿನ ಬಣ್ಣಕ್ಕೆ ಬರದಿದ್ದರೆ ಮಾರನೇ ದಿನ ಅದರ ಮೇಲೆ ಕೂರುವಂತಿಲ್ಲ. ನಿಮ್ಮ ತಮ್ಮನದು ಡಿ12. ಇದನ್ನು ಓದುವ ಬೇರೆಯವರಲ್ಲಿ ಯಾರದಾದರೂ ಪೆಟ್ಟು ಡಿ6ರಲ್ಲಿ ಅಥವಾ ಅದಕ್ಕಿಂತ ಮೇಲೆ, ಕುತ್ತಿಗೆಯ ಕಡೆಗೆ ಇದ್ದರೆ ಅವರ ಮೈ ಸರಿಯಾಗಿ ಬೆವರಿ ತಣಿಯುವುದಿಲ್ಲ. ನೆರಳು, ನೀರು ಚಿಮುಕಿಸುವ ಬಾಟಲಿ ಕಡ್ಡಾಯ. ದಿಢೀರ್ ತಲೆಸಿಡಿತ, ಮುಖ ಕೆಂಪೇರುವುದು ಕಂಡರೆ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಕಟ್ಟಿದೆಯಾ ಮೊದಲು ನೋಡಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ.

ಮೂತ್ರದ ಮಾತು ಬಂತು. ನನ್ನ ಅನುಭವದಲ್ಲಿ ಪ್ರವಾಸ ಕೆಡುವುದು ಮರಳಿನಲ್ಲಿ ಕಡಿಮೆ, ಶೌಚಾಲಯದಲ್ಲೇ ಹೆಚ್ಚು. ಕೊಳವೆ ಹಾಕಿ ಮೂತ್ರ ತೆಗೆಯುವವರು ಎಷ್ಟೋ ಜನ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿ ಹೊರಡುತ್ತಾರೆ. ಬಿಸಿಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಒಂದು ಕಡೆ ನಾನು ವೀಲ್‌ಚೇರ್ ಚಿಹ್ನೆಯ ಶೌಚಾಲಯ ಕಂಡು ಖುಷಿಯಿಂದ ಬಾಗಿಲು ತೆಗೆಸಿದರೆ ಒಳಗೆ ಪೊರಕೆ, ಫಿನಾಯಿಲ್ ಕ್ಯಾನು, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿ! ಹಾಗಾಗಿ ನಿಮ್ಮ ಲೆಕ್ಕದಲ್ಲಿ ಎರಡು ಜಾಗ ಇರಲಿ: ಬೀಚಿನದು ಒಂದು, ದಾರಿಯ ಲಾಡ್ಜಿನ ರೂಮು ಇನ್ನೊಂದು. ಲಾಡ್ಜಿನವರಿಗೆ ಬಾತ್‌ರೂಮ್ ಬಾಗಿಲಿಗೆ ಟೇಪು ಹಿಡಿದ ಫೋಟೋ ವಾಟ್ಸಾಪ್ ಮಾಡಲು ಹೇಳಿ. ನಿಮ್ಮ ಕುರ್ಚಿ ಸುಮಾರು 65 ಸೆಂಟಿಮೀಟರ್ ಅಗಲ, ಬಾಗಿಲು 75 ಆದರೂ ಬೇಕು. ಎರಡೂ ಕೈಕೊಟ್ಟರೆ ಕಾರಿನ ಹಿಂಬಾಗಿಲು ತೆರೆದು ಎರಡು ಬದಿ ಬೆಡ್‌ಶೀಟ್ ಕಟ್ಟಿ. ಕೈ ತೊಳೆಯಲು ಸೋಪು, ಬಾಟಲಿ ನೀರು ಮರೆಯಬೇಡಿ, ಮರಳು ಮೆತ್ತಿದ ಕೈಯಲ್ಲಿ ಕೊಳವೆ ಮುಟ್ಟಿದರೆ ಸೋಂಕು ಖಂಡಿತ ಅಂತಲೇ ಇಟ್ಟುಕೊಳ್ಳಿ.

ನೀರಿಗೆ ಇಳಿಯಬಹುದೇ? ಮಾಮೂಲಿ ಕುರ್ಚಿಯಲ್ಲಾದರೆ ಅಲೆಯ ನೊರೆ ಪಾದ ತೊಯ್ಯಿಸುವಷ್ಟು, ಅದಕ್ಕಿಂತ ಮುಂದೆ ಬೇಡ. ತೇಲುವ ಕುರ್ಚಿ ಸಿಕ್ಕಿದರೆ ಜೀವರಕ್ಷಕರು ಜೊತೆಗಿರುವಾಗ, ಲೈಫ್ ಜಾಕೆಟ್ ತೊಟ್ಟು, ಇಬ್ಬದಿಗೆ ಇಬ್ಬರು ನಿಂತು, ದೂಡುವವರ ಮೊಣಕಾಲು ಮುಳುಗುವ ಆಳದೊಳಗೆ. ನೀರಿನಲ್ಲಿ ಕುರ್ಚಿಗೆ ಬೆಲ್ಟ್ ಬಿಗಿದು ಕಟ್ಟಲೇಬಾರದು, ಮಗುಚಿದರೆ ಬೆಲ್ಟೇ ಮುಳುಗಿಸುತ್ತದೆ. ಕೆಂಪು ಬಾವುಟವಿದ್ದರೆ, ಅಥವಾ ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಯ ಎಚ್ಚರಿಕೆ ಕೊಟ್ಟಿದ್ದರೆ, ಗಟ್ಟಿ ಮರಳಿನಲ್ಲೇ ಆಟ.

ಕಾನೂನನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನರಂಜನೆಯೂ ಹಕ್ಕುಗಳ ಸಾಲಿನಲ್ಲಿದೆ. ಸೌಲಭ್ಯದ ಮಾನದಂಡಗಳು ಬರೀ ಶಿಫಾರಸಾಗಿ ಉಳಿದರೆ ಸಾಲದು, ಕಡ್ಡಾಯ ನಿಯಮ ಬೇಕು ಅಂತ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಹೇಳಿದೆ. ಪ್ರವಾಸ ಮುಗಿದ ಮೇಲೆ ನಿಮ್ಮ ತಮ್ಮನೇ ಜಿಲ್ಲಾಧಿಕಾರಿಗೆ ಒಂದು ಪುಟದ ಅರ್ಜಿ ಬರೆಯಲಿ, ಪ್ರತಿಯನ್ನು ಅಂಗವಿಕಲರ ರಾಜ್ಯ ಆಯುಕ್ತರಿಗೆ ಕಳಿಸಲಿ. ‘ಸೌಲಭ್ಯ ಇಲ್ಲ’ ಅಂತ ಬರೆದರೆ ಫೈಲು ಸೇರುತ್ತದೆ. ‘ಪಾರ್ಕಿಂಗಿನಿಂದ ಗಟ್ಟಿ ಮರಳಿಗೆ ಇಷ್ಟು ಮೀಟರ್, ಇಷ್ಟು ಉದ್ದದ ಸುತ್ತಿಡುವ ಚಾಪೆ ಸಾಕು, ನಾವು ದಾಟಿ ತೋರಿಸಿದ ಫೋಟೋ ಇಲ್ಲಿದೆ’ ಅಂತ ಬರೆದರೆ ಯಾರಾದರೊಬ್ಬ ಇಂಜಿನಿಯರ್ ಓದುತ್ತಾನೆ. ಅಳೆಯಲು ಟೇಪು ಮರೆಯಬೇಡಿ.

ಹೊರಡುವ ಮುಂಚಿನ ವಾರ ಅಂಗಳದಲ್ಲಿ ಒಂದು ಸಲ ಅಭ್ಯಾಸ ಮಾಡಿ. ಯಾರದ್ದಾದರೂ ಮನೆ ಕಟ್ಟುವ ಹೊಳೆ ಮರಳಿನ ರಾಶಿ ಇದ್ದರೆ ಒಳ್ಳೆಯದು, ಎಂ-ಸ್ಯಾಂಡ್ ಬೇಡ, ಅದು ಕಚ್ಚಿಕೊಂಡು ಗಟ್ಟಿಯಾಗಿಬಿಡುತ್ತದೆ. ಕುರ್ಚಿ ತಿರುಗಿಸುವುದು, ವಾಲಿಸಿ ಎಳೆಯುವುದು, ಚಾಪೆ ಬದಲಿಸುವುದು. ‘ಎಳೀರಿ’, ‘ನಿಲ್ಲಿಸಿ’ ಎರಡೇ ಆಜ್ಞೆ, ಎರಡೂ ಅವರ ಬಾಯಿಂದಲೇ.

ವಾಪಸ್ ಬಂದ ರಾತ್ರಿಯೇ ಕುರ್ಚಿಯನ್ನು ಎರಡು ಕೊಡ ಸಿಹಿನೀರು ಹೊಯ್ದು ತೊಳೆದು, ಬಟ್ಟೆಯಲ್ಲಿ ಒರೆಸಿ, ಮುಂದಿನ ಚಕ್ರದ ಬೇರಿಂಗಿಗೆ ಗ್ರೀಸು ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಉಳಿದ ಹೊಯ್ಗೆಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ನೋಡೋಣ ಅಂತ ಬಿಟ್ಟರೆ ಬೆಳಿಗ್ಗೆ ಚಕ್ರ ಕಿರುಗುಟ್ಟಲು ಶುರುವಾಗಿರುತ್ತದೆ.